ವೈಫೈ ಕಾಲದಲ್ಲೂ ತಾರಸಿಯಿಂದ ತಾರಸಿಗೆ ವೈರು ಯಾಕೆ?

ಮುಂಬಯಿಯಲ್ಲಿ ದೊಡ್ಡ ಗಣಪತಿಯ ಮೆರವಣಿಗೆ ಬಂದರೆ ಡೋಲಿನವರ ಹಿಂದೆಮುಂದೆ ಒಂದಿಬ್ಬರು ಹುಡುಗರು ಇರುತ್ತಾರೆ. ಕೈಯಲ್ಲಿ ಉದ್ದ ಬಿದಿರು, ತುದಿಗೆ ಒಂದು ಅಡ್ಡ ಕೋಲು. ಮೂರ್ತಿಯ ಕಿರೀಟಕ್ಕೆ ತಗಲುವ ವೈರುಗಳನ್ನು ಎತ್ತಿ ಹಿಡಿಯುವುದೇ ಅವರ ಕೆಲಸ. ನೋಡೋಕೆ ಚೆಂದ. ಆದರೆ ಹೋದ ವರ್ಷ ನಮ್ಮ ಗಲ್ಲಿಯಲ್ಲಿ ಒಂದು ವೈರು ಬಿದಿರಿಗೆ ಸಿಗಲಿಲ್ಲ. ಕಿರೀಟಕ್ಕೆ ಸಿಕ್ಕಿತು. ಮಾಟುಂಗಾದಲ್ಲಿರುವ ಮಾಮನ ಹೋಟೆಲಿಗೆ ಇಂಟರ್‌ನೆಟ್ ಬರುತ್ತಿದ್ದದ್ದು ಅದೇ ವೈರಿನಲ್ಲಿ.

ಆಮೇಲೆ ಆದದ್ದು ತಮಾಷೆಯಾಗಿತ್ತು. ಬಿಲ್ ಹಾಕುವ ಟ್ಯಾಬ್ ನಿಂತುಹೋಯಿತು. ಅಡುಗೆ ಮನೆಯಲ್ಲಿ ಆರ್ಡರ್ ಚೀಟಿ ಕಕ್ಕುವ ಪ್ರಿಂಟರ್ ಸುಮ್ಮನಾಯಿತು. ಆದರೆ ಗಲ್ಲಾದ ಮೇಲಿನ ಪುಟ್ಟ ಪೆಟ್ಟಿಗೆ ಮಾತ್ರ 'ಇಷ್ಟು ರೂಪಾಯಿ ಬಂತು' ಎಂದು ಕೂಗುತ್ತಲೇ ಇತ್ತು. ಅದರೊಳಗೆ ಸಿಮ್ ಇದೆ, ಅದಕ್ಕೆ ಹೋಟೆಲಿನ ವೈಫೈ ಬೇಕಿಲ್ಲ. ಹುಡುಗರು ಹಳೇ ಪದ್ಧತಿಗೆ ಮರಳಿದರು. 'ಎರಡು ಇಡ್ಲಿ, ಒಂದು ಸಾದಾ, ಮೂರು ಕಾಪಿ' ಎಂದು ಕೂಗಿ ಆರ್ಡರ್ ಕೊಡತೊಡಗಿದರು. ಮಾಮ ನನ್ನ ಕಡೆ ನೋಡಿ ಕೇಳಿದರು: "ಎಲ್ಲಾ ವೈರ್‌ಲೆಸ್ ಅಂತೀಯಲ್ಲ ಮಾರಾಯ, ಮತ್ತೆ ಒಂದು ವೈರು ಕಡಿದರೆ ಅಂಗಡಿಯೇ ನಿಲ್ಲೋದು ಯಾಕೆ?"

ಆಗ ಸರಿಯಾಗಿ ಉತ್ತರ ಹೇಳಲಾಗಲಿಲ್ಲ. ಈ ಲೇಖನ ಆ ಉತ್ತರ ಅಂದುಕೊಳ್ಳಿ.

ಮೊದಲು ಒಂದು ಗೊಂದಲ ಬಿಡಿಸೋಣ. ವೈಫೈ ಬೇರೆ, ಇಂಟರ್‌ನೆಟ್ ಬೇರೆ. ಹೋಟೆಲಿನ ಟ್ಯಾಬ್, ಕ್ಯಾಮೆರಾ ಒಂದರ ಜೊತೆ ಒಂದು ಮಾತಾಡಿಕೊಳ್ಳಲು ಇರುವುದು ವೈಫೈ. ಅದು ಗಲ್ಲಾದಿಂದ ಅಡುಗೆ ಮನೆಯವರೆಗಿನ ಸಂಸಾರ. ಅಲ್ಲಿಂದ ಹೊರಜಗತ್ತಿಗೆ ಹೋಗಲು ಇನ್ನೊಂದು ದಾರಿ ಬೇಕು. ಆ ದಿನ ವೈಫೈ ಕಡ್ಡಿಗಳು ಪೂರ್ತಿ ಇದ್ದವು. ಕಡಿದದ್ದು ಹೊರಗಿನ ದಾರಿ. ಮಾಮನ ಬಿಲ್ಲಿಂಗ್ ಲೆಕ್ಕವೆಲ್ಲ ಎಲ್ಲೋ ದೂರದ ಸರ್ವರಿನಲ್ಲಿ ಕೂತಿದ್ದರಿಂದ ಪಕ್ಕದ ಗೋಡೆಯಾಚೆಯ ಪ್ರಿಂಟರಿಗೂ ಚೀಟಿ ಹೋಗಲಿಲ್ಲ.

ಈ ಹೊರದಾರಿಯ ಕಥೆ ಮುಂಬಯಿಯಲ್ಲಿ ಶುರುವಾದದ್ದು ಟೆಲಿಫೋನಿನ ತಾಮ್ರದ ತಂತಿಯಿಂದ. ಜುಹುವಿನ ಎನ್‌ಸಿಎಸ್‌ಟಿ ಎಂಬ ಸರ್ಕಾರಿ ಸಂಶೋಧನಾ ಕೇಂದ್ರ ಮತ್ತು ಪೊವಾಯಿಯ ಐಐಟಿ 1986ರಲ್ಲೇ ಫೋನ್ ಲೈನಿನ ಮೇಲೆ ಇಮೇಲ್ ಕಳಿಸಿಕೊಂಡಿದ್ದವು. ಆ ಕೆಲಸದ ಮುಂದಾಳು ಡಾ. ಎಸ್. ರಮಣಿ. ಆದರೆ ಅದು ವಿಜ್ಞಾನಿಗಳ ಲೋಕ. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಎಂಬ ಸರ್ಕಾರಿ ಕಂಪನಿಯ ಮೂಲಕ.

ಸಿಕ್ಕಿತು ಅಂದರೆ, ಕೈಯಲ್ಲಿ ಕಾಸಿದ್ದವರಿಗೆ. ಆರಂಭದ ವೇಗ 9.6 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 9.6 ಕಿಲೋಬಿಟ್. ಈ ಲೆಕ್ಕದಲ್ಲಿ ಒಂದು ಎಂಬಿಯ ಫೋಟೊ ಇಳಿಯಲು ಹೆಚ್ಚುಕಡಿಮೆ 14 ನಿಮಿಷ ಬೇಕು. ಮಧ್ಯೆ ಲೈನ್ ಕಟ್ಟಾದರೆ ಮತ್ತೆ ಮೊದಲಿಂದ. ಮೋಡೆಮ್ ಮಾಡುತ್ತಿದ್ದದ್ದು ಇಷ್ಟೇ: ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಶಬ್ದವಾಗಿ ಬದಲಿಸಿ, ಮನುಷ್ಯರ ಮಾತಿಗೆಂದು ಹಾಕಿದ ತಂತಿಯಲ್ಲಿ ಕೂಗಿಸುವುದು. ಆ ಕರ್ಕಶ ಕಿರುಚಾಟ ಕೇಳಿದವರಿಗೆ ಇನ್ನೂ ನೆನಪಿರಬೇಕು. ಟೆಲಿಫೋನ್ ಎಕ್ಸ್‌ಚೇಂಜ್ ಒಂದು ಮಾತಿಗೆ ಮೀಸಲಿಟ್ಟದ್ದೇ 64 ಕೆಬಿಪಿಎಸ್ ಜಾಗ. ಹಾಗಾಗಿ ಮೋಡೆಮ್ ಎಷ್ಟು ಸುಧಾರಿಸಿದರೂ 56ರ ಹತ್ತಿರ ಬಂದು ನಿಂತಿತು. ಇಂಟರ್‌ನೆಟ್ ನಡೆಯುತ್ತಿರುವಷ್ಟು ಹೊತ್ತು ಫೋನ್ ಎಂಗೇಜ್. ಊರಿಂದ ಅಮ್ಮ ಎಸ್‌ಟಿಡಿ ಬೂತಿಗೆ ಬಂದು, ಮೂರು ಸಲ ತಿರುಗಿಸಿ, ಸಿಗದೆ ವಾಪಸ್ ಹೋದದ್ದಕ್ಕೆ ನಾನು ಬೈಸಿಕೊಂಡಿದ್ದೇನೆ. "ಯಾರ ಹತ್ರ ಅಷ್ಟು ಮಾತು ನಿಂಗೆ?" ಅಂತ.

1998ರ ನವೆಂಬರಿನಲ್ಲಿ ಖಾಸಗಿ ಕಂಪನಿಗಳಿಗೂ ಇಂಟರ್‌ನೆಟ್ ಕೊಡಲು ಅವಕಾಶ ಸಿಕ್ಕಿತು. ಆದರೆ ಮನೆಮನೆಗೆ ತಂತಿ ಎಲ್ಲಿಂದ ತರುವುದು? ಫೋನ್ ತಂತಿ ಇದ್ದದ್ದು ಸರ್ಕಾರಿ ಫೋನ್ ಕಂಪನಿ ಎಂಟಿಎನ್‌ಎಲ್ ಬಳಿ. ರಸ್ತೆ ಅಗೆದು ಹೊಸ ತಂತಿ ಹಾಕೋಣ ಅಂದರೆ ಈ ಊರಿನಲ್ಲಿ ಅದು ದೊಡ್ಡ ಖರ್ಚು. ಪಾಲಿಕೆಯ ಪರವಾನಗಿ, ಅಗೆದದ್ದನ್ನು ಮುಚ್ಚುವ ಶುಲ್ಕ ಎಲ್ಲ ಕಟ್ಟಬೇಕು. ಮಳೆಗಾಲದಲ್ಲಂತೂ ತುರ್ತು ಕೆಲಸವಲ್ಲದಿದ್ದರೆ ಅಗೆಯಲು ಬಿಡುವುದಿಲ್ಲ. ಅಂದರೆ ವರ್ಷದಲ್ಲಿ ಮೂರನೇ ಒಂದು ಭಾಗ ಕೆಲಸ ಬಂದ್.

ಇಲ್ಲಿ ಕಥೆಯೊಳಗೆ ಬರುತ್ತಾನೆ ಕೇಬಲ್‌ವಾಲಾ. ನನ್ನ ಪ್ರಕಾರ ಮುಂಬಯಿ ಇಂಟರ್‌ನೆಟ್ಟಿನ ನಿಜವಾದ ಎಂಜಿನಿಯರ್ ಅವನೇ.

ಎಂಬತ್ತರ ದಶಕದಲ್ಲಿ ಅವನ ಬಳಿ ಇದ್ದದ್ದು ಒಂದು ವಿಸಿಆರ್. ರಾತ್ರಿ ಊಟದ ಹೊತ್ತಿಗೆ ಸಿನಿಮಾ ಹಾಕಿ ನಾಲ್ಕೈದು ಬಿಲ್ಡಿಂಗಿಗೆ ತೋರಿಸುತ್ತಿದ್ದ. 1991ರಲ್ಲಿ ಸ್ಟಾರ್ ಟಿವಿ, ಮರುವರ್ಷ ಝೀ ಬಂದಾಗ ತಾರಸಿ ಮೇಲೆ ಡಿಶ್ ಏರಿತು. ಅಲ್ಲಿಂದ ಕರಿ ಕೋಆಕ್ಸಿಯಲ್ ವೈರು ಪಕ್ಕದ ತಾರಸಿಗೆ, ಅದರಾಚೆಯ ತಾರಸಿಗೆ. ನೆಲ ಮುಟ್ಟುವ ಗೋಜೇ ಇಲ್ಲ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯನ್ನು ಒಪ್ಪಿಸಿದರೆ ಆಯಿತು. ಕೇಬಲ್ ಟಿವಿಗೆ ಕಾನೂನು ಬಂದದ್ದೇ 1995ರಲ್ಲಿ. ಅಷ್ಟರಲ್ಲಿ ಊರಿನ ಆಕಾಶ ಅವನ ಕೈಯಲ್ಲಿತ್ತು.

ಇಂಟರ್‌ನೆಟ್ ಬಂದಾಗ ಅವನು ಮಾಡಿದ್ದು ಸರಳ ಕೆಲಸ. ಅದೇ ದಾರಿಯಲ್ಲಿ ಆಫೀಸಿನೊಳಗೆ ಬಳಸುವ ಲ್ಯಾನ್ ವೈರನ್ನೂ ಎಳೆದ. ಈ ವೈರಿನ ಪದ್ಧತಿಗೆ ಈಥರ್‌ನೆಟ್ ಎಂದು ಹೆಸರು. 1973ರಲ್ಲಿ ಅಮೆರಿಕದ ಝೆರಾಕ್ಸ್ ಪ್ರಯೋಗಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಜೊತೆಗಾರರು ರೂಪಿಸಿದ್ದು. ಒಂದೇ ಕಟ್ಟಡದ ಕಂಪ್ಯೂಟರುಗಳನ್ನು ಜೋಡಿಸಲು ಎಂದು ಮಾಡಿದ್ದನ್ನು ನಮ್ಮವರು ಮಳೆ-ಬಿಸಿಲಿಗೆ ತೂಗು ಹಾಕಿದರು. ಲ್ಯಾನ್ ವೈರಿನೊಳಗೆ ಎಂಟು ತಂತಿ, ಎರಡೆರಡನ್ನು ಜಡೆಯಂತೆ ಹೊಸೆದಿರುತ್ತಾರೆ. ಹೊಸೆದರೆ ಹೊರಗಿನ ವಿದ್ಯುತ್ ಗದ್ದಲ ಎರಡೂ ತಂತಿಗೆ ಸಮವಾಗಿ ತಗಲುತ್ತದೆ. ಆಚೆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ವಜಾ. ಆದರೆ ನಿಯಮದ ಪ್ರಕಾರ ಇದರ ಓಟ 100 ಮೀಟರ್ ಅಷ್ಟೇ. ಆಮೇಲೆ ಸ್ವಿಚ್ ಎಂಬ ಪೆಟ್ಟಿಗೆ ಇಟ್ಟು ಸಂಕೇತಕ್ಕೆ ಹೊಸ ಉಸಿರು ಕೊಡಬೇಕು. ಆ ಪೆಟ್ಟಿಗೆಗೆ ಕರೆಂಟು ಬೇಕು.

ಹಾಗಾಗಿ ತಾರಸಿಗೊಂದು ಪೆಟ್ಟಿಗೆ, ಪಂಪ್ ರೂಮಿನಿಂದಲೋ ಲಿಫ್ಟ್ ರೂಮಿನಿಂದಲೋ ಕರೆಂಟು. ಮೂರನೇ ಬಿಲ್ಡಿಂಗಿನಲ್ಲಿ ಯಾರೋ ಮೇನ್ ಸ್ವಿಚ್ ಆರಿಸಿದರೆ ಏಳನೇ ಬಿಲ್ಡಿಂಗಿನವರ ಇಂಟರ್‌ನೆಟ್ ಢಮಾರ್. ಸಿಡಿಲು ಬಡಿದರೆ ತಾಮ್ರದ ಗುಂಟ ಸಾಲಾಗಿ ಪೆಟ್ಟಿಗೆಗಳು ಸುಟ್ಟವು. ಇಲಿಗಳ ಪಾಲು ಬೇರೆ. ಆದರೂ ಅಗ್ಗ ಮತ್ತು ಫೋನ್ ಎಂಗೇಜ್ ಆಗುತ್ತಿರಲಿಲ್ಲ. ಜನ ಮುಗಿಬಿದ್ದರು.

2005ರ ಹೊತ್ತಿಗೆ ಫೋನ್ ತಂತಿಯೂ ಎದ್ದು ಕೂತಿತು. ಎಡಿಎಸ್‌ಎಲ್ ಎಂಬ ಜಾಣ ಉಪಾಯ ಬಂತು. ಮನುಷ್ಯನ ಮಾತಿಗೆ ತಾಮ್ರದ ತಂತಿಯಲ್ಲಿ 4 ಕಿಲೋಹರ್ಟ್ಸ್ ಜಾಗ ಸಾಕು. ಅದರ ಮೇಲಿನ ಬಯಲೆಲ್ಲ ಖಾಲಿ. ಡೇಟಾವನ್ನು ಅಲ್ಲಿ ಓಡಿಸಿದರೆ ಫೋನ್ ಮಾತೂ ಆಯಿತು, ಇಂಟರ್‌ನೆಟ್ಟೂ ಆಯಿತು. ಎಂಟಿಎನ್‌ಎಲ್‌ನ ಟ್ರೈಬ್ಯಾಂಡ್ ಎಂಬ ಸೇವೆ ಇದೇ. ತೊಂದರೆ ಎಂದರೆ ಎಕ್ಸ್‌ಚೇಂಜಿನಿಂದ ದೂರ ಹೋದಷ್ಟೂ ವೇಗ ಕುಸಿಯುತ್ತಿತ್ತು. ಜೊತೆಗೆ ನೆಲದೊಳಗಿನ ಹಳೇ ತಂತಿಗೆ ನೀರು ಹೊಕ್ಕರೆ ಕಥೆ ಮುಗಿಯಿತು.

ನೀರು ಎಂದರೆ ಆ ವರ್ಷವೇ ನೆನಪಾಗುತ್ತದೆ. 2005ರ ಜುಲೈ 26. ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ. ಫೋನೂ ಇಲ್ಲ, ಮೊಬೈಲೂ ಇಲ್ಲ. ಮೊಬೈಲ್ ಟವರಿಗೆ ಕರೆಂಟು ಬೇಕು, ಬ್ಯಾಟರಿ ಕೆಲವು ಗಂಟೆ ತಡೆಯುತ್ತದೆ, ಅಷ್ಟೇ. ಟವರಿಂದ ಮುಂದಕ್ಕೂ ವೈರೋ ಮೈಕ್ರೊವೇವ್ ಡಿಶ್ಶೋ ಬೇಕು. ಗಾಳಿಯಲ್ಲಿ ಹಾರುವ ಮಾತು ಒಂದೆರಡು ಕಿಲೋಮೀಟರ್ ಹಾರಿ ಮತ್ತೆ ಇಳಿಯಲೇಬೇಕು, ಅಲ್ವಾ?

ಅದೇ 2005ರ ಜನವರಿಯಲ್ಲಿ ಸದ್ದಿಲ್ಲದೆ ಇನ್ನೊಂದು ಬದಲಾವಣೆ ಆಗಿತ್ತು. 2.4 ಗಿಗಾಹರ್ಟ್ಸ್ ತರಂಗಗಳನ್ನು ಕಡಿಮೆ ಶಕ್ತಿಯ ಸಾಧನಗಳಲ್ಲಿ ಬಳಸಲು ಲೈಸೆನ್ಸ್ ಬೇಡ ಎಂದು ಸರ್ಕಾರ ನಿಯಮ ತಂದಿತು. ನಮ್ಮಲ್ಲಿ ಆಗ ರೇಡಿಯೊ ಉಪಕರಣ ಇಟ್ಟುಕೊಳ್ಳಲು 1933ರ ಕಾಯ್ದೆಯಂತೆ ಪರವಾನಗಿ ಬೇಕಿತ್ತು. ಮನೆಯ ರೇಡಿಯೊಗೂ ಪೋಸ್ಟ್ ಆಫೀಸಿನಲ್ಲಿ ಫೀಸು ಕಟ್ಟುತ್ತಿದ್ದದ್ದು ಹಿರಿಯರಿಗೆ ಗೊತ್ತು. ಅಮೆರಿಕ ಇಂಥ ತರಂಗಗಳನ್ನು 1985ರಲ್ಲೇ ಬಿಟ್ಟುಕೊಟ್ಟಿತ್ತು. ಅದರ ಫಲವಾಗಿ 1997ರಲ್ಲಿ ವೈಫೈಯ ಮೊದಲ ಮಾನದಂಡ ಬಂತು, ವೇಗ ಸೆಕೆಂಡಿಗೆ 2 ಮೆಗಾಬಿಟ್. ನಮ್ಮ ಮನೆಗಳಲ್ಲಿ ಅದು ಧೈರ್ಯವಾಗಿ ಕೂತದ್ದು 2005ರ ನಂತರ.

ವೈಫೈಗೆ ಒಂದು ಸ್ವಭಾವದ ಮಿತಿ ಇದೆ. ಒಂದು ಚಾನೆಲ್‌ನಲ್ಲಿ, ಅಂದರೆ ತರಂಗದ ಒಂದು ಪಟ್ಟಿಯಲ್ಲಿ, ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು. ಬೇರೆಯವರ ದನಿ ಕೇಳಿದರೆ ಕಾಯಬೇಕು. ಮಧ್ಯಾಹ್ನ ಒಂದು ಗಂಟೆಗೆ ಹೋಟೆಲಿನಲ್ಲಿ ಎಲ್ಲರೂ ಒಟ್ಟಿಗೆ ಆರ್ಡರ್ ಕೂಗಿದರೆ ಭಟ್ಟರಿಗೆ ಏನು ಕೇಳೀತು? 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್‌ಗಳು ಮೂರೇ. ಮುಂಬಯಿಯ ಒಂದು ಮಹಡಿಯಲ್ಲಿ ರೂಟರುಗಳು ಎಷ್ಟು ಎಂದು ನಿಮ್ಮ ಫೋನಿನಲ್ಲೇ ಎಣಿಸಿ ನೋಡಿ. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದರೆ ಗೋಡೆ ದಾಟುವ ತಾಕತ್ತು ಕಡಿಮೆ. ಮಾಮನ ಅಡುಗೆ ಮನೆಯಲ್ಲಿ ಎಲ್ಲಾ ಸ್ಟೀಲು. ಲೋಹಕ್ಕೆ ಬಡಿದ ತರಂಗ ವಾಪಸ್ ಬರುತ್ತದೆ. ಅದಕ್ಕೇ ಅಲ್ಲಿನ ಪ್ರಿಂಟರಿಗೆ ಈಗಲೂ ಲ್ಯಾನ್ ವೈರು. ನಾನೇ ಹಠ ಮಾಡಿ ಹಾಕಿಸಿದ್ದು.

ಬ್ಲೂಟೂತ್ ಕೂಡ ಇದೇ 2.4ರಲ್ಲಿ ಬದುಕುತ್ತದೆ. 1994ರಲ್ಲಿ ಸ್ವೀಡನ್ನಿನ ಎರಿಕ್ಸನ್ ಕಂಪನಿಯಲ್ಲಿ ಹುಟ್ಟಿದ್ದು, ಹೆಸರು ಮಾತ್ರ ಹತ್ತನೇ ಶತಮಾನದ ಡ್ಯಾನಿಶ್ ರಾಜನದು. ಬೆಳಗಿನ ವಿರಾರ್ ಲೋಕಲ್‌ನಲ್ಲಿ ಒಬ್ಬರ ಮೈಗೆ ಒಬ್ಬರು ಅಂಟಿ ನಿಂತಿದ್ದರೂ ಪಕ್ಕದವನ ಹಾಡು ನಿಮ್ಮ ಕಿವಿಗೆ ಬರುವುದಿಲ್ಲ. ಮೂಲ ಬ್ಲೂಟೂತ್ 79 ಚಾನೆಲ್‌ಗಳ ನಡುವೆ ಸೆಕೆಂಡಿಗೆ 1,600 ಸಲ ಜಿಗಿಯುತ್ತದೆ. ಜಿಗಿತದ ಲೆಕ್ಕ ಗೊತ್ತಿರುವುದು ಜೋಡಿಯಾದ ಎರಡು ಸಾಧನಗಳಿಗೆ ಮಾತ್ರ.

ಇನ್ನು ಫೈಬರ್. ಕೂದಲೆಳೆಯಷ್ಟು ದಪ್ಪದ ಗಾಜು, ಅದರ ನಡುವೆ 9 ಮೈಕ್ರಾನ್ ತಿರುಳು, ಅದರೊಳಗೆ ಬೆಳಕು. ಗಾಜಿನಲ್ಲಿ ವಿದ್ಯುತ್ ಹರಿಯದು, ಹಾಗಾಗಿ ಸಿಡಿಲಿನ ಏಟು ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟುವುದಿಲ್ಲ. ಮನೆಗೆ ಬರುವ ಫೈಬರಿನಲ್ಲಿ ಇನ್ನೊಂದು ದೊಡ್ಡ ಲಾಭವಿದೆ. ಒಂದು ಎಳೆಯ ಬೆಳಕನ್ನು 32 ಅಥವಾ 64 ಮನೆಗೆ ಹಂಚುವ ಸ್ಪ್ಲಿಟರ್‌ಗೆ ಕರೆಂಟೇ ಬೇಡ. ಓಟ 20 ಕಿಲೋಮೀಟರಿನವರೆಗೆ. ಅಂದರೆ ತಾರಸಿಯ ಪೆಟ್ಟಿಗೆಗಳಿಗೆ ರಜೆ. ಮೂರನೇ ಬಿಲ್ಡಿಂಗಿನ ಮೇನ್ ಸ್ವಿಚ್ಚಿಗೆ ಇನ್ನು ಯಾರೂ ಶಾಪ ಹಾಕಬೇಕಿಲ್ಲ.

ಪೆಟ್ಟಿಗೆ ಹೋಯಿತು, ದಾರಿ ಮಾತ್ರ ಹಳೆಯದೇ ಉಳಿಯಿತು. ಕೋಆಕ್ಸಿಯಲ್ ಹೋದ ದಾರಿಯಲ್ಲಿ ಲ್ಯಾನ್, ಲ್ಯಾನ್ ಹೋದ ದಾರಿಯಲ್ಲಿ ಫೈಬರ್. ಸತ್ತ ವೈರನ್ನು ಬಿಚ್ಚಿ ತೆಗೆಯುವುದಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಹಾಗಾಗಿ ಗಲ್ಲಿಯ ಮೇಲೆ ಕಾಣುವ ಆ ಕರಿ ಗೋಜಲಿನಲ್ಲಿ ಎಷ್ಟೋ ವೈರುಗಳೊಳಗೆ ಏನೂ ಹರಿಯುತ್ತಿಲ್ಲ. ವೈರು ಎಳೆಯುವ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2016ರಲ್ಲಿ ನಿಯಮ ತಂದಿತು, 2025ರ ಜನವರಿಯಿಂದ ಹೊಸದು ಜಾರಿಯಾಗಿದೆ. ಅರ್ಜಿ, ಶುಲ್ಕ, ಗಡುವು ಎಲ್ಲ ಅದರಲ್ಲಿದೆ. ನಮ್ಮ ಗಲ್ಲಿಯ ಆಕಾಶದಲ್ಲಿ ನನಗಂತೂ ವ್ಯತ್ಯಾಸ ಕಂಡಿಲ್ಲ.

ಗಲ್ಲಿಯ ಈ ವೈರು ಕೊನೆಗೆ ಹೋಗಿ ಸೇರುವುದು ಕಡಲಿಗೆ. 1870ರಲ್ಲಿ ಗ್ರೇಟ್ ಈಸ್ಟರ್ನ್ ಎಂಬ ಭಾರೀ ಹಡಗು ಮುಂಬಯಿಯಿಂದ ಏಡನ್‌ಗೆ ತಂತಿ ಎಳೆದದ್ದು ತಾರಿಗಾಗಿ, ಅಂದರೆ ಟೆಲಿಗ್ರಾಂಗಾಗಿ. ಇವತ್ತು ಮುಂಬಯಿಯ ವರ್ಸೋವಾ ಕಡಲತೀರದ ಮರಳಿನಡಿ ಹಲವು ಫೈಬರ್ ಕೇಬಲ್‌ಗಳು ದಡ ಸೇರುತ್ತವೆ. ಆಳ ಸಮುದ್ರದಲ್ಲಿ ಅವುಗಳ ದಪ್ಪ ತೋಟಕ್ಕೆ ನೀರು ಬಿಡುವ ಪೈಪಿನಷ್ಟು. 2008ರ ಜನವರಿ 30ರಂದು ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಕೇಬಲ್ ಕಡಿದಾಗ ಇಲ್ಲಿ ಆಫೀಸುಗಳೇ ತೆವಳತೊಡಗಿದ್ದವು. ಮಾಮನ ಗಲ್ಲಾದ ಸಿಮ್ ಪೆಟ್ಟಿಗೆಯೂ ಟವರ್ ಮುಟ್ಟಿದ ಮೇಲೆ ಇಂಥದ್ದೇ ಯಾವುದೋ ಗಾಜಿನೆಳೆ ಹಿಡಿದು ಹೋಗುತ್ತದೆ. ಅದಕ್ಕೆ ಗಾಳಿಯಲ್ಲಿ ಹಾರುವ ದೂರ ವೈಫೈಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಆ ದಿನ ಸಂಜೆ ಏಳಕ್ಕೆ ಕೇಬಲ್ ಹುಡುಗ ಬಂದ. ಸಣ್ಣ ಮಳೆ. ಒಬ್ಬ ಛತ್ರಿ ಹಿಡಿದ, ಇವನು ತಾರಸಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಫೈಬರ್ ಬೆಸೆಯುವ ಮೆಷಿನ್ ತೆಗೆದ. ಎರಡು ತುದಿ ಸುಲಿದು, ಒರೆಸಿ, ಎದುರುಬದುರು ಇಟ್ಟ. ಪುಟ್ಟ ಪರದೆಯಲ್ಲಿ ಎರಡು ಗಾಜಿನ ಕಡ್ಡಿಗಳು ಹತ್ತಿರ ಬಂದವು. ಒಂದು ಕಿಡಿ. ಸೇರಿಹೋಯಿತು. ಕೆಳಗಿನಿಂದ ಪ್ರಿಂಟರಿನ ಕರ್ ಕರ್ ಸದ್ದು ಕೇಳಿಸಿತು, ಮಧ್ಯಾಹ್ನದ ಚೀಟಿಗಳೆಲ್ಲ ಒಟ್ಟಿಗೆ ಬರುತ್ತಿದ್ದವು.

ಮಾಮ ಹುಡುಗನಿಗೆ ಕಾಪಿ ಕೊಡಿಸಿ, ವೈರನ್ನು ಒಂದಿಷ್ಟು ಮೇಲೆ ಕಟ್ಟು ಅಂದರು. ಅವನು ನಕ್ಕ. "ಎಷ್ಟು ಮೇಲೆ ಶೇಠ್? ಮುಂದಿನ ವರ್ಷದ ಮೂರ್ತಿ ಎಷ್ಟು ಅಡಿ ಅಂತ ಮಂಡಲದವರನ್ನ ಕೇಳಿ ಹೇಳಿ."