ಔಟ್‌ಡೋರ್ ಶೂಟ್‌ಗೆ ಟ್ಯಾಬ್: ಮೊದಲು ಪೋರ್ಟ್ ನೋಡಿ

ಟ್ಯಾಬ್ ತೆಗೆದುಕೊಳ್ಳಬೇಕು ಅಂದ ತಕ್ಷಣ ಎಲ್ಲರೂ ಪ್ರೊಸೆಸರ್ ಯಾವುದು ಅಂತ ಕೇಳುತ್ತಾರೆ. ಫೋಟೊಗ್ರಾಫರ್‌ಗಳು ಅದನ್ನು ಕೊನೆಗೆ ನೋಡಿದರೂ ಏನೂ ಮುಳುಗಿ ಹೋಗುವುದಿಲ್ಲ. ಲೊಕೇಶನ್‌ನಲ್ಲಿ ಟ್ಯಾಬ್‌ಗೆ ಇರುವ ಕೆಲಸ ಇಷ್ಟೇ: ಕಾರ್ಡಿನಲ್ಲಿರುವುದನ್ನು ಕಾಪಿ ಮಾಡುವುದು, ಪಾರ್ಟಿಗೆ, ಅಂದರೆ ಫೋಟೊ ತೆಗೆಸುವವರಿಗೆ ತೋರಿಸುವುದು, ಒಂದಷ್ಟು ಫೋಟೊ ಅಲ್ಲೇ ಎಡಿಟ್ ಮಾಡಿ ಕಳಿಸುವುದು. ನಿಮಗೆ ಇದರಲ್ಲಿ ಯಾವುದು ಜಾಸ್ತಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ.

ಕಾಪಿ ಮಾಡುವುದೇ ಮುಖ್ಯ ಅಂದರೆ ಪೋರ್ಟ್ ನೋಡಿ. ಟೈಪ್-ಸಿ ಇದ್ದ ಮಾತ್ರಕ್ಕೆ ವೇಗ ಇರುತ್ತದೆ ಅಂತೇನಿಲ್ಲ. 2022ರ ಹತ್ತನೇ ತಲೆಮಾರಿನ ಐಪ್ಯಾಡ್, 2025ರ ಎ16 ಐಪ್ಯಾಡ್ ಎರಡರಲ್ಲೂ ಹೊರಗೆ ಟೈಪ್-ಸಿ, ಒಳಗೆ ಹಳೇ ಯುಎಸ್‌ಬಿ 2.0. ಅಂದರೆ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಎಂಟರಿಂದ ಭಾಗಿಸಿದರೆ 60 ಎಂಬಿ, ಅದೂ ಕಾಗದದ ಮೇಲೆ. ಕೈಗೆ ಸಿಗುವುದು 35ರ ಆಸುಪಾಸು. ಈ ಲೆಕ್ಕದಲ್ಲಿ ತುಂಬಿದ 64 ಜಿಬಿ ಕಾರ್ಡ್ ಖಾಲಿ ಮಾಡಲು ಅರ್ಧ ಗಂಟೆ ಬೇಕು. ಐಪ್ಯಾಡ್ ಏರ್ ಮತ್ತು ಎ17 ಪ್ರೊ ಇರುವ ಮಿನಿಯಲ್ಲಿ 10 ಗಿಗಾಬಿಟ್ ಇದೆ, ಅಲ್ಲಿ ತಡ ಮಾಡುವುದು ಟ್ಯಾಬ್ ಅಲ್ಲ, ನಿಮ್ಮ ಕಾರ್ಡ್. ಯುಎಚ್‌ಎಸ್ ಅನ್ನುವುದು ಕಾರ್ಡಿನ ವೇಗದ ದರ್ಜೆ. ಯುಎಚ್‌ಎಸ್-1 ಕಾರ್ಡಿನ ಮಿತಿ ಸೆಕೆಂಡಿಗೆ 104 ಎಂಬಿ, ಹಾಗಾಗಿ ಹತ್ತು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಯುಎಚ್‌ಎಸ್-2 ಕಾರ್ಡಿನ ಮಿತಿ 312, ಕಾರ್ಡ್ ರೀಡರ್ ಕೂಡ ಯುಎಚ್‌ಎಸ್-2 ಆಗಿದ್ದರೆ ಐದು ನಿಮಿಷದೊಳಗೆ ಮುಗಿಯಬಹುದು. ಮದುವೆ ಶೂಟ್ ಮಾಡುವವರಿಗೆ ಇದರ ಬೆಲೆ ಗೊತ್ತು. ಧಾರೆ ಮುಗಿದ ಮೇಲೆ ಸಿಗುವ ಬಿಡುವಿನಲ್ಲಿ ಊಟಕ್ಕೆ ಕೂರುತ್ತೀರೋ ಇಲ್ಲವೋ ಅನ್ನುವುದು ಈ ಪೋರ್ಟ್ ಮೇಲೇ ನಿಂತಿರುತ್ತದೆ!

ಹಾಗಂತ ಟ್ಯಾಬ್‌ಗೆ ಕಾಪಿ ಮಾಡಿ ಕಾರ್ಡ್ ಫಾರ್ಮ್ಯಾಟ್ ಮಾಡಿದರೆ ಅದು ಬ್ಯಾಕಪ್ ಅಲ್ಲ, ಆಗಲೂ ಇರುವುದು ಒಂದೇ ಕಾಪಿ ತಾನೇ. ಜೊತೆಗೊಂದು ಎಸ್‌ಎಸ್‌ಡಿ ಇರಲಿ. ಐಪ್ಯಾಡ್‌ಗೆ ಹೊರಗಿನ ಡ್ರೈವ್ ಹಾಕುವ ಸೌಲಭ್ಯ 2019ರ ಐಪ್ಯಾಡ್‌ಒಎಸ್ 13ರಿಂದ ಇದೆ. ಆದರೆ ಡ್ರೈವ್ ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನಲ್ಲಿದ್ದರೆ ಅದಕ್ಕೆ ಬರೆಯಲು ಆಗುವುದಿಲ್ಲ, ಮನೆಯಲ್ಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಂಡು ಹೋಗಿ. ಪೋರ್ಟ್ ಇರುವುದೇ ಒಂದು, ರೀಡರ್, ಎಸ್‌ಎಸ್‌ಡಿ, ಚಾರ್ಜರ್ ಮೂರೂ ಒಟ್ಟಿಗೆ ಬೇಕೆಂದರೆ ಚಾರ್ಜಿಂಗ್ ಹಾಯಿಸುವ ಹಬ್ ಬೇಕೇ ಬೇಕು.

ಈಗ ಸ್ಕ್ರೀನ್. ಹಂಪಿಯಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಬಂಡೆ ಮೇಲೆ ನಿಂತು ಪ್ರೀ-ವೆಡ್ಡಿಂಗ್ ಫೋಟೊ ತೋರಿಸಲು ಹೋದರೆ ಕಾಣುವುದು ಹುಡುಗ ಹುಡುಗಿ ಅಲ್ಲ, ನಿಮ್ಮದೇ ಬಿಳಿ ಶರ್ಟ್. ಸಾದಾ ಐಪ್ಯಾಡ್ 500 ನಿಟ್ಸ್ (ನಿಟ್ಸ್ ಅಂದರೆ ಸ್ಕ್ರೀನಿನ ಬೆಳಕಿನ ಅಳತೆ). ಅದರ ಗಾಜಿಗೂ ಡಿಸ್‌ಪ್ಲೇಗೂ ನಡುವೆ ಸ್ವಲ್ಪ ಸಂದು ಬೇರೆ ಇದೆ, ಹಾಗಾಗಿ ಪ್ರತಿಫಲನ ಇನ್ನೂ ಜಾಸ್ತಿ. 2024ರ ಎಂ4 ಐಪ್ಯಾಡ್ ಪ್ರೊ 1000 ನಿಟ್ಸ್, ಬಿಸಿಲಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಹೊಳಪು ತಗ್ಗಿಸುವ ನ್ಯಾನೊ-ಟೆಕ್ಸ್ಚರ್ ಗಾಜು ಬೇಕೆಂದರೆ ಅದರಲ್ಲಿ 1 ಟಿಬಿ ಅಥವಾ 2 ಟಿಬಿ ಮಾಡೆಲ್ಲೇ ಕೊಳ್ಳಬೇಕು. ಕಲಿಯುವವರಿಗೆ ಅದು ಸುಮ್ನೆ ದುಡ್ಡು ದಂಡ ಅನ್ನುತ್ತೇನೆ. ಕಪ್ಪು ಶರ್ಟ್ ಹಾಕಿ, ನೆರಳಿಗೆ ಬನ್ನಿ.

ಬಣ್ಣದ ವಿಷಯದಲ್ಲೂ ಒಂದು ಮಾತು. ಸಾದಾ ಐಪ್ಯಾಡ್ ತೋರಿಸುವುದು ಎಸ್‌ಆರ್‌ಜಿಬಿ ಅನ್ನುವ ಬಣ್ಣಗಳ ವ್ಯಾಪ್ತಿ ಮಾತ್ರ, ಏರ್ ಮತ್ತು ಪ್ರೊ ಅದಕ್ಕಿಂತ ವಿಶಾಲವಾದ ಪಿ3. ಕಡುಗೆಂಪು ರೇಷ್ಮೆ ಸೀರೆಯ ಮಡಿಕೆಗಳಲ್ಲಿ ಈ ವ್ಯತ್ಯಾಸ ಗೊತ್ತಾಗಬಹುದು. ಎಡಿಟ್‌ಗೆ ಮುಂಚೆ ಸ್ಕ್ರೀನಿನ ಬಣ್ಣವನ್ನು ತಾನಾಗೇ ಬದಲಿಸುವ ಟ್ರೂ ಟೋನ್, ನೈಟ್ ಶಿಫ್ಟ್ ಆಫ್ ಮಾಡಿ, ಸ್ಯಾಮ್‌ಸಂಗ್ ಆದರೆ ಸ್ಕ್ರೀನ್ ಮೋಡ್‌ನಲ್ಲಿ ವಿವಿಡ್ ಬಿಟ್ಟು ನ್ಯಾಚುರಲ್‌ಗೆ ಬನ್ನಿ. ಇಲ್ಲದಿದ್ದರೆ ನೀವು ತಿದ್ದುವುದು ಫೋಟೊದ ಬಣ್ಣವನ್ನಲ್ಲ, ಸ್ಕ್ರೀನಿನ ಬಣ್ಣವನ್ನು.

ಬಿಸಿಲು ಮಳೆ ಎರಡೂ ಲೆಕ್ಕಕ್ಕೆ ಬರುತ್ತವೆ. ಐಪ್ಯಾಡ್ ಬಳಸಲು ಆಪಲ್ ಹೇಳುವ ಸುತ್ತಲಿನ ಉಷ್ಣತೆ 35 ಡಿಗ್ರಿವರೆಗೆ. ಕಲಬುರಗಿಯಲ್ಲಿ ಏಪ್ರಿಲ್‌ನಲ್ಲಿ 40 ದಾಟುತ್ತದೆ, ಅಲ್ವಾ? ಕಾದರೆ ಸ್ಕ್ರೀನ್ ತಾನಾಗೇ ಮಂಕಾಗುತ್ತದೆ, ಚಾರ್ಜಿಂಗ್ ನಿಲ್ಲಲೂಬಹುದು. ಆಗುಂಬೆ, ಕೊಡಗಿನ ಮಳೆಯಲ್ಲಿ ಸುತ್ತುವವರು ಸ್ಯಾಮ್‌ಸಂಗ್‌ನ ಗ್ಯಾಲಕ್ಸಿ ಟ್ಯಾಬ್ ಎಸ್9 ನೋಡಿ: ಐಪಿ68 (ನೀರು, ಧೂಳು ತಡೆಯುವ ದರ್ಜೆ) ಇದೆ, ಮೈಕ್ರೊಎಸ್‌ಡಿ ಸ್ಲಾಟ್ ಇದೆ, ಪೆನ್ ಡಬ್ಬಿಯಲ್ಲೇ ಬರುತ್ತದೆ. ಅದರ ಅಗ್ಗದ ತಮ್ಮ ಎಸ್9 ಎಫ್‌ಇಗೂ ಐಪಿ68 ಇದೆ, ಆದರೆ ಪೋರ್ಟ್ ಮತ್ತೆ ಯುಎಸ್‌ಬಿ 2.0. ಐಪಿ68 ಸಿಹಿನೀರಿನ ಪರೀಕ್ಷೆ, ಮಲ್ಪೆಯ ಉಪ್ಪುನೀರಿಗೆ ಅದನ್ನು ನಂಬಬೇಡಿ.

ಆಪ್ ವಿಚಾರ ಬೇಗ ಮುಗಿಯುತ್ತದೆ. ಫೋಟೊ ಎಡಿಟ್ ಮಾಡುವ ಲೈಟ್‌ರೂಮ್ ಐಪ್ಯಾಡ್, ಆಂಡ್ರಾಯ್ಡ್ ಎರಡರಲ್ಲೂ ಇದೆ, ಕಂಪ್ಯೂಟರ್‌ಗಿರುವ ಲೈಟ್‌ರೂಮ್ ಕ್ಲಾಸಿಕ್ ಯಾವ ಟ್ಯಾಬ್‌ನಲ್ಲೂ ಇಲ್ಲ. ಕ್ಯಾಮೆರಾಗೆ ಕೇಬಲ್ ಹಾಕಿ ಕ್ಯಾಪ್ಚರ್ ಒನ್ ಆಪ್‌ನಲ್ಲಿ ನೇರವಾಗಿ ಫೋಟೊ ತೆಗೆಯಬೇಕೆಂದರೆ ಐಪ್ಯಾಡೇ ಗತಿ, ಅದು 2022ರಲ್ಲಿ ಐಪ್ಯಾಡ್‌ಗೆ ಬಂತು, ಆಂಡ್ರಾಯ್ಡ್‌ಗೆ ಇಲ್ಲ.

ಅಂಗಡಿಗೆ ಹೋಗುವಾಗ ನಿಮ್ಮದೇ ಕಾರ್ಡ್, ನಿಮ್ಮದೇ ರೀಡರ್ ಒಯ್ಯಿರಿ. ಡೆಮೊ ಪೀಸ್‌ಗೆ ಸಿಕ್ಕಿಸಿ 10 ಜಿಬಿ ಕಾಪಿಗೆ ಹಾಕಿ ಗಡಿಯಾರ ನೋಡಿ, ಆಮೇಲೆ ಅಳಿಸಿ ಬನ್ನಿ. ಕಾರ್ಡ್, ರೀಡರ್ ಎರಡೂ ವೇಗದವಾಗಿದ್ದೂ ಐದು ನಿಮಿಷ ಹಿಡಿದರೆ ಒಳಗಿರುವುದು ಯುಎಸ್‌ಬಿ 2.0, ಸೇಲ್ಸ್‌ನವರು ಏನೇ ಹೇಳಲಿ.