ವಿಕಿಪೀಡಿಯದ ಕಿರ್ದಿ ಪುಸ್ತಕ

ಮಳೆಗಾಲದ ಒಂದು ರಾತ್ರಿ ಕನ್ನಡ ವಿಕಿಪೀಡಿಯದಲ್ಲಿ ಹಲಸಿನ ಪುಟ ತಿದ್ದುತ್ತಾ ಕೂತಿದ್ದೆ. ಹಪ್ಪಳದ ಬಗ್ಗೆ ಎರಡು ಮಾತು ಸೇರಿಸಿ ಉಳಿಸಲು ಹೋದರೆ ಪುಟ ಉಳಿಯಲಿಲ್ಲ. ನಾನು ಬರೆಯುತ್ತಿದ್ದ ಹೊತ್ತಿನಲ್ಲೇ ಇನ್ಯಾರೋ ಅದೇ ಸಾಲನ್ನು ಬದಲಿಸಿದ್ದಾರೆ ಎಂಬ ಸೂಚನೆ ಬಂತು. ಕೆಳಗೆ ಅವರ ಬರಹವೂ ಇತ್ತು, ನನ್ನದೂ ಇತ್ತು. ಅವರು ‘ಹಪಳ’ ಎಂದಿದ್ದುದನ್ನು ‘ಹಪ್ಪಳ’ ಮಾಡಿದ್ದರು, ಅಷ್ಟೇ. ಎರಡನ್ನೂ ಸೇರಿಸಿ ಮತ್ತೆ ಉಳಿಸಿದೆ.

ನಾವಿಬ್ಬರೂ ಒಟ್ಟಿಗೆ ಬರೆಯುತ್ತಿದ್ದೇವೆ ಅಂತ ಆ ತಾಣಕ್ಕೆ ಹೇಗೆ ಗೊತ್ತಾಯ್ತು?

ತಿದ್ದಲು ಪುಟ ತೆರೆದಾಗ ಬರಹದ ಜೊತೆ ಒಂದು ನಂಬರೂ ನಮ್ಮ ಬ್ರೌಸರಿಗೆ ಬರುತ್ತದೆ. ನಾವು ನೋಡುತ್ತಿರುವುದು ಯಾವ ಆವೃತ್ತಿ ಅನ್ನುವ ನಂಬರ್ ಅದು. ಉಳಿಸುವಾಗ ಅದೂ ವಾಪಸ್ ಹೋಗುತ್ತದೆ. ತಾಣದ ಮಾಹಿತಿಯನ್ನೆಲ್ಲ ಜೋಡಿಸಿಟ್ಟಿರುವ ಡೇಟಾಬೇಸಿನಲ್ಲಿ ಈಗಿರುವ ಆವೃತ್ತಿಯ ನಂಬರೂ ಅದೇ ಆಗಿದ್ದರೆ ಸರಿ. ಬೇರೆ ಆಗಿದ್ದರೆ ನಡುವೆ ಯಾರೋ ಬಂದು ಹೋಗಿದ್ದಾರೆ ಅಂತಲೇ ಅರ್ಥ. ಆಗ ತಂತ್ರಾಂಶ ಮೂರು ಬರಹಗಳನ್ನು ಹೋಲಿಸುತ್ತದೆ: ನಾವು ತೆರೆದಾಗ ಇದ್ದದ್ದು, ಅವರು ಮಾಡಿದ್ದು, ನಾವು ಮಾಡಿದ್ದು. ಇಬ್ಬರೂ ಬೇರೆ ಬೇರೆ ಕಡೆ ಕೈ ಹಾಕಿದ್ದರೆ ತಾನೇ ಹೊಂದಿಸಿಬಿಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಒಂದೇ ಸಾಲಿಗೆ ಕೈ ಹಾಕಿದ್ದರೆ ಮಾತ್ರ ನಮ್ಮನ್ನು ಕೇಳುತ್ತದೆ.

ಮೊದಲು ತೆರೆದವರಿಗೆ ಪುಟ ಕೊಟ್ಟು ಉಳಿದವರಿಗೆ ಬೀಗ ಹಾಕಬಹುದಿತ್ತು. ಆದರೆ ತೆರೆದವರು ಅಡುಗೆಮನೆಗೆ ಕಾಫಿ ಮಾಡಲು ಹೋದರೆ? ಉಳಿದವರೆಲ್ಲ ಸುಮ್ನೆ ಕಾಯಬೇಕಾಗುತ್ತಿತ್ತು. ಯಾರನ್ನೂ ತಡೆಯಬೇಡಿ, ಡಿಕ್ಕಿಯಾದಾಗ ನೋಡಿಕೊಳ್ಳೋಣ ಅನ್ನುವ ಈ ಧೈರ್ಯ ನನಗೆ ಬಹಳ ಇಷ್ಟ.

ಧೈರ್ಯಕ್ಕೆ ಕಾರಣವೂ ಇದೆ. ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶದ ಡೇಟಾಬೇಸಿನಲ್ಲಿ ಪುಟಗಳಿಗೆ ಒಂದು ಟೇಬಲ್, ಅಂದರೆ ಸಾಲು ಸಾಲಾಗಿ ಬರೆದಿಡುವ ಪಟ್ಟಿ ಇದೆ, ಆವೃತ್ತಿಗಳಿಗೆ ಇನ್ನೊಂದು. ನೀವು ಒಂದು ಅಲ್ಪವಿರಾಮ ತಿದ್ದಿದರೂ ಆವೃತ್ತಿಗಳ ಟೇಬಲ್ಲಿಗೆ ಹೊಸ ಸಾಲು ಬೀಳುತ್ತದೆ: ಯಾರು, ಯಾವಾಗ, ಯಾಕೆ, ಜೊತೆಗೆ ಆ ಹೊತ್ತಿನ ಪೂರ್ತಿ ಬರಹಕ್ಕೆ ಕೊಂಡಿ. ಹಳೆಯ ಸಾಲನ್ನು ಮುಟ್ಟುವುದಿಲ್ಲ. ಪುಟದ ಟೇಬಲ್ಲಿನಲ್ಲಿ ‘ಸದ್ಯದ್ದು ಇದು’ ಅನ್ನುವ ಗುರುತು ಮಾತ್ರ ಹೊಸ ಸಾಲಿಗೆ ಜರುಗುತ್ತದೆ.

ಅಂಗಡಿಯ ಕಿರ್ದಿ ಪುಸ್ತಕ ನೋಡಿದವರಿಗೆ ಇದು ಹೊಸದೇನಲ್ಲ. ತಪ್ಪು ಬರೆದರೆ ಅಲ್ಲಿ ಅಳಿಸುವುದಿಲ್ಲ, ಸರಿಪಡಿಸುವ ನಮೂದನ್ನು ಮುಂದೆ ಬರೆಯುತ್ತಾರೆ. ಇಲ್ಲೂ ಹಾಗೇ. ಕಿಡಿಗೇಡಿಯೊಬ್ಬ ಪುಟವನ್ನೆಲ್ಲ ಅಳಿಸಿ ಬೈಗುಳ ಬರೆದ ಅನ್ನಿ. ಇತಿಹಾಸ ತೆರೆದು ಹಿಂದಿನ ಆವೃತ್ತಿಗೆ ಮರಳಿಸಿದರೆ ಮುಗಿಯಿತು. ಡೇಟಾಬೇಸಿನ ಲೆಕ್ಕದಲ್ಲಿ ಅದೂ ಇನ್ನೊಂದು ಸಾಲು. ಕೆಡಿಸಲು ಅವನಿಗೆ ಐದು ನಿಮಿಷ ಹಿಡಿದಿರಬಹುದು, ಸರಿ ಮಾಡಲು ನಿಮಗೆ ಐದು ಸೆಕೆಂಡ್ ಸಾಕು. ಮುಖವೇ ನೋಡದ ಜನರ ಕೈಗೆ ಒಂದು ವಿಶ್ವಕೋಶವನ್ನು ಬಿಟ್ಟುಕೊಡಲು ಆಗುವುದು ಈ ಲೆಕ್ಕದಿಂದಲೇ.

ಮೊದಲಿನಿಂದ ಹೀಗಿರಲಿಲ್ಲ. ಅಮೆರಿಕದ ವಾರ್ಡ್ ಕನ್ನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ, ಅಂದರೆ ಓದುಗರೇ ತಿದ್ದಬಹುದಾದ ತಾಣ ಕಟ್ಟಿದರು. ಹವಾಯಿ ಭಾಷೆಯಲ್ಲಿ ‘ವಿಕಿ ವಿಕಿ’ ಅಂದರೆ ಬೇಗ ಬೇಗ. ಹವಾಯಿಯ ಹೊನೊಲುಲು ವಿಮಾನ ನಿಲ್ದಾಣದ ಬಸ್ಸಿನ ಆ ಹೆಸರನ್ನೇ ಅವರು ತಮ್ಮ ತಾಣಕ್ಕೆ ಇಟ್ಟರು. 2001ರ ಜನವರಿ 15ರಂದು ಶುರುವಾದ ವಿಕಿಪೀಡಿಯ ಪುಟಗಳನ್ನು ಬರೀ ಫೈಲುಗಳಲ್ಲಿ ಇಡುತ್ತಿತ್ತು. ಅಲ್ಲಿ ಹಳೆಯ ಆವೃತ್ತಿಗಳನ್ನು ಸ್ವಲ್ಪ ದಿನ ಇಟ್ಟು ಬಿಸಾಡುವ ಏರ್ಪಾಡಿತ್ತು. ಓದುಗರು ಜಾಸ್ತಿಯಾದಂತೆ ಅದು ಏದುಸಿರು ಬಿಡತೊಡಗಿತು. ಜರ್ಮನಿಯ ಜೀವವಿಜ್ಞಾನದ ವಿದ್ಯಾರ್ಥಿ ಮ್ಯಾಗ್ನಸ್ ಮಾನ್ಸ್ಕೆ ಬರೆದ, ಡೇಟಾಬೇಸನ್ನು ನಂಬಿದ ತಂತ್ರಾಂಶ 2002ರ ಜನವರಿಯಲ್ಲಿ ಬಂತು. ಆದರೆ ಮೊದಲ ತಿಂಗಳುಗಳ ಇತಿಹಾಸ ಕಳೆದೇ ಹೋಯಿತು ಎಂದು ಎಲ್ಲರೂ ಅಂದುಕೊಂಡಿದ್ದರು. 2010ರ ಡಿಸೆಂಬರಿನಲ್ಲಿ ಟಿಮ್ ಸ್ಟಾರ್ಲಿಂಗ್ ಎಂಬ ಪ್ರೋಗ್ರಾಮರ್‌ಗೆ ಹಳೆಯ ಬ್ಯಾಕಪ್ ಫೈಲುಗಳಲ್ಲಿ ಅದು ಸಿಕ್ಕಿತು. ಸುಮಾರು ಹತ್ತು ವರ್ಷ ಅದು ಅಲ್ಲೇ ಬಿದ್ದಿತ್ತು!

2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಕನ್ನಡಕ್ಕೆ ಒಂದು ಬೇರೆಯದೇ ತೊಡಕಿದೆ. ‘ತೋಟ’ ಬರೆಯಿರಿ. ಇದರ ‘ೋ’ ಚಿಹ್ನೆಯನ್ನು, ಕಂಪ್ಯೂಟರಿಗಾಗಿ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡಿನಲ್ಲಿ ಒಂದೇ ಸಂಕೇತವಾಗಿ ಬರೆಯಬಹುದು. ‘ೆ’, ‘ೂ’, ‘ೕ’ ಎಂದು ಮೂರು ತುಂಡಾಗಿಯೂ ಬರೆಯಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ. ಆದರೆ ಡೇಟಾಬೇಸ್ ಅಕ್ಷರ ನೋಡುವುದಿಲ್ಲ, ಅದರ ಹಿಂದಿನ ಅಂಕಿಗಳನ್ನು, ಅಂದರೆ ಬೈಟ್ ನೋಡುತ್ತದೆ. ಹಾಗೇ ಬಿಟ್ಟರೆ ಅದಕ್ಕೆ ಇವು ಎರಡು ಬೇರೆ ಪದಗಳು, ಒಂದೇ ಹೆಸರಿನ ಎರಡು ಪುಟ! ಅದಕ್ಕೇ ಮೀಡಿಯಾವಿಕಿ ಬಂದ ಬರಹವನ್ನೆಲ್ಲ ಮೊದಲು ಒಂದೇ ರೂಪಕ್ಕೆ ತಂದು ಆಮೇಲೆ ಒಳಗೆ ಇಡುತ್ತದೆ. ಕನ್ನಡ ಲಿಪಿಯಲ್ಲೇ ಇರುವ ತುಳು ವಿಕಿಪೀಡಿಯಕ್ಕೂ ಇದರ ಉಪಕಾರ ಉಂಟು.

ಬರಹ ಕಾಪಾಡಿದ್ದಾಯಿತು, ಜನ ಸೇರುವುದೆಲ್ಲಿ? ಅದೂ ಅದೇ ಟೇಬಲ್ಲುಗಳಲ್ಲಿ. ಪ್ರತಿ ಪುಟಕ್ಕೂ ಅದರ ಜಾತಿ ಹೇಳುವ ಒಂದು ಅಂಕಿ ಇರುತ್ತದೆ. ಲೇಖನಕ್ಕೆ 0, ಅದರ ಚರ್ಚೆಗೆ 1, ಸದಸ್ಯರ ಪುಟಕ್ಕೆ 2, ಅವರೊಡನೆ ಮಾತಾಡುವ ಪುಟಕ್ಕೆ 3. ಲೇಖನಕ್ಕಿರುವ ಇತಿಹಾಸ, ಮರಳಿಸುವ ಅನುಕೂಲ ಎಲ್ಲ ಮಾತುಕತೆಗೂ ಇದೆ. ಯಾರು ಯಾವ ಪುಟದ ಮೇಲೆ ಕಣ್ಣಿಟ್ಟಿದ್ದಾರೆ ಅನ್ನುವುದಕ್ಕೂ ಒಂದು ಟೇಬಲ್. ಹಲಸಿನ ಪುಟವನ್ನು ನಿಮ್ಮ ವೀಕ್ಷಣಾಪಟ್ಟಿಗೆ ಸೇರಿಸಿದರೆ ಅಲ್ಲಿ ಎಲೆ ಅಲುಗಾಡಿದರೂ ಪಟ್ಟಿಯಲ್ಲಿ ಕಾಣುತ್ತದೆ. ಇಡೀ ಸಮುದಾಯದ ವಿಷಯ ಮಾತಾಡುವ ಪುಟಕ್ಕೆ ಕನ್ನಡದವರು ಇಟ್ಟಿರುವ ಹೆಸರು ‘ಅರಳಿ ಕಟ್ಟೆ’. ಎಷ್ಟು ಚೆಂದದ ಹೆಸರು, ಅಲ್ವಾ?

ಆ ರಾತ್ರಿ ಹಪ್ಪಳ ತಿದ್ದಿದವರೂ ಹಲಸಿನ ಮೇಲೆ ಕಣ್ಣಿಟ್ಟವರೇ. ಮರುದಿನ ನನ್ನ ಚರ್ಚೆ ಪುಟದಲ್ಲಿ ಒಂದು ಸಾಲು ಬಿದ್ದಿತ್ತು: ‘ಹಪ್ಪಳ ಆಯ್ತು, ಬೀಜದ ಸಾರಿನ ಬಗ್ಗೆಯೂ ಬರೀರಿ. ನನ್ನ ಹತ್ರ ಫೋಟೋ ಇದೆ.’