ಲೈಕ್ ಬರುತ್ತದೆ, ಆರ್ಡರ್ ಬರಲ್ಲ: ದುಡ್ಡು ಕೊಟ್ಟು ವೆಬ್‌ಸೈಟ್ ಮಾಡಿಸಲಾ?

ಓದುಗರ ಪ್ರಶ್ನೆ: ಸಾಗರದ ಹತ್ತಿರ ನಮ್ಮೂರು. ನಾನು, ನಮ್ಮ ಅತ್ತೆ ಸೇರಿ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತೇವೆ. ಇನ್‌ಸ್ಟಾಗ್ರಾಂನಲ್ಲಿ 4,000 ಜನ ಫಾಲೋ ಮಾಡುತ್ತಾರೆ. ರೀಲ್ಸ್ ಹಾಕಿದರೆ ಲೈಕ್ ಬರುತ್ತದೆ, ಆರ್ಡರ್ ಬರಲ್ಲ. ಈಗ ಒಬ್ಬರು ವೆಬ್‌ಸೈಟ್ ಮಾಡಿ, ಎಸ್‌ಇಒ ಮಾಡಿ, ಗೂಗಲ್‌ನಲ್ಲಿ ಫಸ್ಟ್ ಬರೋ ಹಾಗೆ ಮಾಡಿಕೊಡುತ್ತೇವೆ, ಗ್ಯಾರಂಟಿ, 35,000 ಕೊಡಿ ಅನ್ನುತ್ತಿದ್ದಾರೆ. ಕೊಡಬಹುದಾ?

ಕೊಡಬೇಡಿ. ಉಳಿದಿದ್ದು ನಿಧಾನಕ್ಕೆ ಮಾತಾಡೋಣ, ಮೊದಲು ಇದು.

ಎಸ್‌ಇಒ ಅಂದರೆ ಯಾರಾದರೂ ಗೂಗಲ್‌ನಲ್ಲಿ ಹುಡುಕಿದಾಗ ನಿಮ್ಮ ಪುಟ ಮೇಲೆ ಕಾಣುವ ಹಾಗೆ ಮಾಡುವ ಕೆಲಸ. ಅದರ ವಿಷಯದಲ್ಲಿ 'ಗ್ಯಾರಂಟಿ' ಅನ್ನುವ ಮಾತು ಬಂದ ಕೂಡಲೇ ಫೋನ್ ಇಟ್ಟುಬಿಡಿ. ಮೊದಲ ಸ್ಥಾನ ಕೊಡಿಸುತ್ತೇನೆ ಅಂತ ಯಾರಿಂದಲೂ ಮಾತು ಕೊಡಲು ಆಗುವುದಿಲ್ಲ ಎಂದು ಗೂಗಲ್ ತಾನೇ ತನ್ನ ಪುಟದಲ್ಲಿ ಬರೆದುಕೊಂಡಿದೆ. ಹಾಗಾದರೆ ಇವರು ಮಾಡಿ ತೋರಿಸುವುದಾದರೂ ಏನು? ನಿಮ್ಮ ಬ್ರ್ಯಾಂಡಿನ ಹೆಸರನ್ನೇ ಟೈಪ್ ಮಾಡಿ, "ನೋಡಿ ಮೇಡಂ, ಫಸ್ಟ್ ಬಂತು" ಅನ್ನುತ್ತಾರೆ. ಜಗತ್ತಿನಲ್ಲಿ ಆ ಹೆಸರು ಇರುವುದು ನಿಮ್ಮದೊಂದೇ, ಬರದೆ ಇನ್ನೇನು? ಹೆಸರು ಗೊತ್ತಿದ್ದವರು ಹೇಗೂ ನಿಮಗೇ ಫೋನ್ ಮಾಡುತ್ತಾರೆ. ಇನ್ನು ಕೆಲವರು ಓದುಗರಿಗೆ ಕಾಣದಂತೆ ಪುಟದ ಕೋಡಿನೊಳಗೆ ಬರೆಯುವ 'ಮೆಟಾ ಕೀವರ್ಡ್ಸ್' ಅನ್ನುವ ಪದಗಳನ್ನು ನೂರು ತುಂಬಿಸಿ ಅದಕ್ಕೂ ಬಿಲ್ ಹಾಕುತ್ತಾರೆ. ರ್‍ಯಾಂಕಿಂಗ್‌ಗೆ ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಸರಿ, ಲೈಕ್ ಬಂದೂ ಆರ್ಡರ್ ಯಾಕೆ ಬರಲ್ಲ? ರೀಲ್ಸ್ ನೋಡುವವರು ರಾತ್ರಿ ಊಟ ಆದ ಮೇಲೆ ಸುಮ್ನೆ ಫೋನ್ ಹಿಡಿದು ಕೂತವರು. ನೀವು ಮಿಡಿಗೆ ಸಾಸಿವೆ ಖಾರ ಬೆರೆಸುವುದನ್ನು ನೋಡಿ ಬಾಯಲ್ಲಿ ನೀರೂರುತ್ತದೆ, ಲೈಕ್ ಒತ್ತುತ್ತಾರೆ, ಮುಂದಿನ ಬೆಕ್ಕಿನ ವಿಡಿಯೋಗೆ ಹೋಗುತ್ತಾರೆ. ಅದೇ ಬೆಂಗಳೂರಲ್ಲಿ ಒಬ್ಬ, ಮನೆಯ ಭರಣಿ ತಳ ಕಂಡ ದಿನ, 'ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲಿ ಸಿಗುತ್ತೆ' ಅಂತ ಗೂಗಲ್‌ನಲ್ಲಿ ಹುಡುಕುತ್ತಾನಲ್ಲ, ಅವನ ಕೈಯಲ್ಲಿ ದುಡ್ಡು ರೆಡಿ ಇರುತ್ತದೆ. ಮೊದಲನೆಯವರು ಜಾತ್ರೆಯಲ್ಲಿ ಅಡ್ಡಾಡುವವರು, ಇವನು ಚೀಲ ಹಿಡಿದು ಸಂತೆಗೆ ಬಂದವನು. ಇನ್‌ಸ್ಟಾಗ್ರಾಂ ಬೇಡ ಅಂತಲ್ಲ, ಜಾತ್ರೆಯಲ್ಲೂ ಮುಖ ಪರಿಚಯ ಆಗುತ್ತದೆ. ಆದರೆ 'ರೇಟಿಗೆ ಡಿಎಂ ಮಾಡಿ' ಅಂತ ಬರೆಯುವುದನ್ನು ಇವತ್ತೇ ಬಿಡಿ. ಅರ್ಧ ಜನ ಅಲ್ಲೇ ಕಳಚಿಕೊಳ್ಳುತ್ತಾರೆ, ನಾನಂತೂ ಕಳಚಿಕೊಳ್ಳುತ್ತೇನೆ. ಅರ್ಧ ಕೇಜಿಗೆ ಎಷ್ಟು, ಕೊರಿಯರ್ ಎಷ್ಟು, ಎಷ್ಟು ದಿನ ಹಿಡಿಯುತ್ತದೆ, ಇವನ್ನು ಪೋಸ್ಟಿನ ಕೆಳಗೇ ಬರೆಯಿರಿ. ಅಲ್ಲಿ ಬರೆದ ಲಿಂಕ್ ಒತ್ತಿದರೆ ತೆರೆಯುವುದಿಲ್ಲ, ಅದಕ್ಕೆ ವಾಟ್ಸಾಪ್ ಲಿಂಕನ್ನು ಬಯೋದಲ್ಲಿ ಹಾಕಿ. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲಿ ಕ್ಯಾಟಲಾಗ್ ಅಂತ ಇದೆ, ಪುಕ್ಕಟೆ. ಐದಾರು ಐಟಂ ಫೋಟೊ, ತೂಕ, ಬೆಲೆ ಸಮೇತ ಹಾಕಲು ಒಂದು ಮಧ್ಯಾಹ್ನ ಸಾಕು.

ಹಾಗಂತ ಬರೀ ಇನ್‌ಸ್ಟಾಗ್ರಾಂ ನೆಚ್ಚಿಕೊಂಡು ಕೂರಬೇಡಿ, ಅದು ಬಾಡಿಗೆ ಮನೆ. 2020ರ ಜೂನ್ 29ರಂದು ಸರ್ಕಾರ ಟಿಕ್‌ಟಾಕ್ ಬ್ಯಾನ್ ಮಾಡಿತಲ್ಲ, ಲಕ್ಷಗಟ್ಟಲೆ ಫಾಲೋವರ್ಸ್ ಇದ್ದವರು ಒಂದೇ ರಾತ್ರಿಗೆ ಬೀದಿಗೆ ಬಂದರು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಮಲಗಿದ್ದವು. ಗೂಗಲ್ಲೂ ಕಮ್ಮಿಯಿಲ್ಲ: ಅಂಗಡಿ ಪ್ರೊಫೈಲ್ ಜೊತೆ ಉಚಿತವಾಗಿ ಕೊಟ್ಟಿದ್ದ ಪುಟ್ಟ ವೆಬ್‌ಸೈಟುಗಳನ್ನೆಲ್ಲ 2024ರ ಮಾರ್ಚ್‌ನಲ್ಲಿ ಮುಚ್ಚಿತು. ಅದನ್ನೇ ವಿಸಿಟಿಂಗ್ ಕಾರ್ಡ್ ಮೇಲೆ ಪ್ರಿಂಟ್ ಹಾಕಿಸಿಕೊಂಡವರ ಕಥೆ ಯೋಚಿಸಿ.

ಹಾಗಾಗಿ ದುಡ್ಡು ಹಾಕುವುದಿದ್ದರೆ ಒಂದಕ್ಕೆ ಹಾಕಿ: ನಿಮ್ಮದೇ ಹೆಸರಿನ ಡೊಮೈನ್, ಅಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಸ್ವಂತ ವಿಳಾಸ. ಸಾಮಾನ್ಯವಾಗಿ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸಿನ ಮಾತು. ಮೊದಲ ವರ್ಷ ಅಗ್ಗಕ್ಕೆ ಕೊಟ್ಟು ಎರಡನೇ ವರ್ಷ ಏರಿಸುತ್ತಾರೆ, ರಿನ್ಯೂವಲ್ ರೇಟ್ ನೋಡಿಯೇ ತಗೊಳ್ಳಿ. ಮುಖ್ಯ ವಿಷಯ, ಡೊಮೈನ್ ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರಿನಲ್ಲೇ ಇರಬೇಕು. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹಿಂದೊಮ್ಮೆ ಸಣ್ಣ ಪುಸ್ತಕದಂಗಡಿ ನಡೆಸುತ್ತಿದ್ದಾಗ ಒಬ್ಬ ಹುಡುಗ ಸೈಟ್ ಮಾಡಿಕೊಟ್ಟಿದ್ದ, ಒಳ್ಳೆಯ ಹುಡುಗನೇ, ಆದರೆ ಡೊಮೈನ್ ತನ್ನ ಇಮೇಲಿನಲ್ಲಿ ಕೊಂಡಿದ್ದ. ಎರಡು ವರ್ಷದ ಮೇಲೆ ಅವನು ಊರು ಬಿಟ್ಟ, ನಂಬರ್ ಬದಲಾಯಿಸಿದ, ರಿನ್ಯೂವಲ್ ನೆನಪಿಸುವ ಮೇಲ್‌ಗಳೆಲ್ಲ ಅವನಿಗೆ ಹೋದವು. ಒಂದು ಬೆಳಿಗ್ಗೆ ನಮ್ಮ ಅಂಗಡಿಯ ವಿಳಾಸ ಒತ್ತಿದರೆ ಯಾವುದೋ ಜೂಜಿನ ಪುಟ.

ಡೊಮೈನ್ ಆಯಿತು, ಬರೆಯುವುದು ಎಲ್ಲಿ? ವೆಬ್‌ಸೈಟ್ ಮಾಡಲು ಬಹಳ ಜನ ಬಳಸುವ ವರ್ಡ್‌ಪ್ರೆಸ್ ಅಂದರೆ ಎರಡು ಬೇರೆ ಬೇರೆ ವಸ್ತು, ಇಲ್ಲಿ ಜಾಸ್ತಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನ ಉಚಿತ ಪ್ಲಾನ್‌ನಲ್ಲಿ ಸ್ವಂತ ಡೊಮೈನ್ ಜೋಡಿಸಲು ಆಗಲ್ಲ, ದುಡ್ಡಿನ ಪ್ಲಾನ್ ಬೇಕು. ವರ್ಡ್‌ಪ್ರೆಸ್ ಡಾಟ್ ಆರ್ಗ್‌ನ ಸಾಫ್ಟ್‌ವೇರ್ ಪುಕ್ಕಟೆ, ಆದರೆ ಅದನ್ನಿಡಲು ಹೋಸ್ಟಿಂಗ್, ಅಂದರೆ ಇಂಟರ್ನೆಟ್ಟಿನಲ್ಲಿ ಬಾಡಿಗೆ ಜಾಗ, ಕೊಳ್ಳಬೇಕು, ಅಪ್‌ಡೇಟ್ ಮಾಡುತ್ತಿರಬೇಕು. ಬರಹ ಹಾಕಲು ಬ್ಲಾಗರ್ ಅಂತ ಇನ್ನೊಂದು ತಾಣ ಇದೆ, ಹಳೇ ಕಾಲದ್ದು, 1999ರದ್ದು, 2003ರಲ್ಲಿ ಗೂಗಲ್ ಕೊಂಡಿತು, ನೋಡಲು ಅಂಥ ಚಂದವೇನಿಲ್ಲ. ಆದರೆ ಅದಕ್ಕೆ ನಿಮ್ಮ ಡೊಮೈನ್ ಜೋಡಿಸಲು ಒಂದು ಪೈಸೆ ಕೊಡಬೇಕಿಲ್ಲ. ನಿಮ್ಮ ಗಾತ್ರದ ವ್ಯಾಪಾರಕ್ಕೆ ನಾನು ಬ್ಲಾಗರ್ ಅನ್ನೇ ಹೇಳುತ್ತೇನೆ. ಮುಂದೆ ಬೆಳೆದರೆ ಬರಹಗಳನ್ನೆಲ್ಲ ವರ್ಡ್‌ಪ್ರೆಸ್‌ಗೆ ಸಾಗಿಸಬಹುದು, ಡೊಮೈನ್ ಹೇಗೂ ನಿಮ್ಮದೇ.

"ನನಗೆ ಲೇಖನ ಬರೆಯಲು ಬರಲ್ಲ" ಅನ್ನುತ್ತೀರಿ, ಗೊತ್ತು. ಲೇಖನ ಯಾರು ಕೇಳಿದರು? ನಿಮ್ಮ ವಾಟ್ಸಾಪ್ ತೆಗೆದು ಕಳೆದ ಆರು ತಿಂಗಳಲ್ಲಿ ಜನ ಏನೇನು ಕೇಳಿದ್ದಾರೆ ನೋಡಿ. "ಮೇಲೆ ಬಿಳಿ ಪದರ ಬಂದಿದೆ, ಎಸೀಬೇಕಾ?" "ಫ್ರಿಜ್‌ನಲ್ಲಿ ಇಡಬೇಕಾ?" "ಮಗ ಅಮೆರಿಕದಲ್ಲಿದ್ದಾನೆ, ಲಗೇಜಲ್ಲಿ ಕಳಿಸಿದರೆ ಎಣ್ಣೆ ಸೋರುತ್ತಾ?" "ನಿಮ್ಮದು ಯಾಕೆ ಇಷ್ಟು ರೇಟು?" ಒಂದೊಂದು ಪ್ರಶ್ನೆಗೂ ಒಂದೊಂದು ಪುಟ. ರೇಟಿನ ಪ್ರಶ್ನೆಯನ್ನೇ ತಗೊಳ್ಳಿ: ಮಿಡಿಯನ್ನು ತೊಟ್ಟಿನ ಸಮೇತ ಯಾಕೆ ಕೊಯ್ಯಬೇಕು, ತೊಟ್ಟು ಮುರಿದರೆ ಸೊನೆ ಸೋರಿ ಪರಿಮಳ ಹೇಗೆ ಹೋಗುತ್ತದೆ, ಮರದಿಂದ ಉದುರಿ ಬಿದ್ದಿದ್ದು ಯಾಕೆ ಆಗದು, ಉಪ್ಪಿನಲ್ಲಿ ಹಾಕಿ ಚಿರುಟುವವರೆಗೆ ಎಷ್ಟು ದಿನ ಕಾಯುತ್ತೀರಿ. ಇದನ್ನು ಫೋನಿನಲ್ಲಿ ಗಿರಾಕಿಗೆ ಹೇಳುವ ಹಾಗೇ ಬರೆದು, ನಿಮ್ಮದೇ ಮೂರು ಫೋಟೊ ಹಾಕಿ, ಕೊನೆಗೆ ಬೆಲೆ, ವಾಟ್ಸಾಪ್ ನಂಬರ್, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನಂಬರ್ ಕೊಟ್ಟರೆ ಮುಗಿಯಿತು, ಅದೇ ಎಸ್‌ಇಒ. ತಲೆಬರಹ 'ಮಲೆನಾಡಿನ ಸವಿ' ಅಂತ ಇಡಬೇಡಿ, ಹಾಗೆ ಯಾರೂ ಹುಡುಕಲ್ಲ. 'ಅಪ್ಪೆಮಿಡಿ ಉಪ್ಪಿನಕಾಯಿ ಬೆಲೆ ಯಾಕೆ ಜಾಸ್ತಿ?' ಅಂತ ಇಡಿ.

ಕನ್ನಡದವರು ಎಡವುವ ಜಾಗ ಇನ್ನೊಂದಿದೆ. ಡಿಟಿಪಿ ಅಂಗಡಿಯಲ್ಲಿ 'ನುಡಿ', 'ಬರಹ' ಅನ್ನುವ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೇ ಫಾಂಟಿನಲ್ಲಿ ಟೈಪ್ ಮಾಡಿಸಿದ್ದನ್ನು ಹಾಗೇ ತಂದು ಅಂಟಿಸಿದರೆ ಗೂಗಲ್ಲಿಗೆ ಅದು ಕನ್ನಡವೇ ಅಲ್ಲ, ಬರೀ ಚಿತ್ರವಿಚಿತ್ರ ಚಿಹ್ನೆ. ಎಲ್ಲ ಕಂಪ್ಯೂಟರ್, ಫೋನಿಗೂ ಅರ್ಥವಾಗುವ ಅಕ್ಷರ ಪದ್ಧತಿಯಾದ ಯೂನಿಕೋಡ್‌ನಲ್ಲಿ ಇರಬೇಕು, ಮೊಬೈಲಿನಲ್ಲಿ ನೀವು ಟೈಪ್ ಮಾಡುವುದು ಯೂನಿಕೋಡೇ. ವಿವರವನ್ನೆಲ್ಲ ಪೋಸ್ಟರ್ ಚಿತ್ರದೊಳಗೇ ಬರೆದು ಕೈ ತೊಳೆದುಕೊಳ್ಳುವುದೂ ಅಷ್ಟೇ ದಂಡ. ಮತ್ತೆ ಹುಡುಕುವವರೆಲ್ಲ ಕನ್ನಡ ಲಿಪಿಯಲ್ಲೇ ಹುಡುಕುವುದಿಲ್ಲ, ಎಷ್ಟೋ ಜನ ಇಂಗ್ಲಿಷ್ ಅಕ್ಷರದಲ್ಲಿ 'ಅಪ್ಪೆ ಮಿಡಿ ಪಿಕಲ್' ಅಂತ ಒತ್ತುತ್ತಾರೆ, ಆ ರೂಪವನ್ನೂ ಪುಟದಲ್ಲಿ ಎಲ್ಲಾದರೂ ಒಂದೆರಡು ಕಡೆ ಸಹಜವಾಗಿ ಸೇರಿಸಿ. ಜನ ಯಾವ ಪದ ಒತ್ತಿ ನಿಮ್ಮ ಪುಟಕ್ಕೆ ಬಂದರು ಅನ್ನುವುದು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಕಾಣುತ್ತದೆ, ಅದೂ ಪುಕ್ಕಟೆ.

ಇದು ಒಂದು ವಾರದಲ್ಲಿ ಫಲ ಕೊಡುವ ಕೆಲಸ ಅಲ್ಲ. ನಾಲ್ಕು ತಿಂಗಳಿಂದ ಒಂದು ವರ್ಷ ಹಿಡಿಯಬಹುದು ಅಂತ ಗೂಗಲ್ಲೇ ಹೇಳುತ್ತದೆ. ಮಿಡಿ ಮಾರುಕಟ್ಟೆಗೆ ಬಂದ ಮೇಲೆ ಮಿಡಿ ಬಗ್ಗೆ ಬರೆಯಲು ಕೂತರೆ ಆ ವರ್ಷ ಹೋದ ಹಾಗೇ. ದೀಪಾವಳಿ ಹೊತ್ತಿಗೆ ಬರೆದಿಟ್ಟಿರಿ.

ಗೂಗಲ್ ಮ್ಯಾಪ್‌ನಲ್ಲಿ ಹೆಸರು ಹಾಕಿಸಬಹುದಾ? ಜನ ಮನೆಗೆ ಬಂದು ಒಯ್ಯುತ್ತಾರೆ, ಅಥವಾ ನೀವೇ ಸಾಗರದ ಸುತ್ತ ಹೋಗಿ ಕೊಡುತ್ತೀರಿ ಅಂದರೆ ಹಾಕಿ. ಬರೀ ಕೊರಿಯರ್ ವ್ಯಾಪಾರ ಆದರೆ ಅವರ ನಿಯಮದಲ್ಲಿ ಬರುವುದಿಲ್ಲ. ಹೆಸರಿನ ಜಾಗದಲ್ಲಿ ಹೆಸರಷ್ಟೇ ಬರೆಯಿರಿ. 'ಬೆಸ್ಟ್ ಅಪ್ಪೆಮಿಡಿ ಉಪ್ಪಿನಕಾಯಿ ಸಾಗರ' ಅಂತ ತುರುಕಿದರೆ ಪ್ರೊಫೈಲ್ ಅಮಾನತಾಗಬಹುದು. ಒಂದು ಪ್ಯಾಕೆಟ್ ಹಪ್ಪಳ ಫ್ರೀ ಕೊಟ್ಟು ಐದು ಸ್ಟಾರ್ ಹಾಕಿಸುವುದೂ ನಿಯಮಕ್ಕೆ ವಿರುದ್ಧ.

ಇನ್‌ಸ್ಟಾಗ್ರಾಂನಲ್ಲಿ ದುಡ್ಡು ಕೊಟ್ಟು ಪೋಸ್ಟನ್ನು ಜಾಹೀರಾತು ಮಾಡುವ ಬೂಸ್ಟ್ ಬಟನ್ ಬಗ್ಗೆ ಜಾಸ್ತಿ ಹೇಳಲ್ಲ. ಕ್ಯಾಟಲಾಗ್, ಬೆಲೆ, ಪುಟ ಯಾವುದೂ ಇಲ್ಲದೆ ಒತ್ತಿದರೆ ಇನ್ನಷ್ಟು ಲೈಕ್ ಸಿಗುತ್ತದೆ, ಜೊತೆಗೆ ಜಿಎಸ್‌ಟಿ ಬೇರೆ ಹೋಗುತ್ತದೆ.

ಮೊದಲ ಪುಟ ಬರೆದಾಗ ಲಿಂಕ್ ಕಳಿಸಿ. ಆ ಬಿಳಿ ಪದರದ್ದೇ ಮೊದಲು ಬರೆದರೆ ಇನ್ನೂ ಒಳ್ಳೆಯದು. ನಮ್ಮನೆ ಭರಣಿಯಲ್ಲೂ ಬಂದು ಒಂದು ವಾರ ಆಯಿತು, ಯಾರನ್ನು ಕೇಳುವುದು ಅಂತ ಗೊತ್ತಾಗದೆ ಮುಚ್ಚಳ ಹಾಕಿ ಇಟ್ಟಿದ್ದೇನೆ.